ಜಪಾನಿನ ಅಲಂಕಾರಕಲೆಯಲ್ಲಿ ಸಸ್ಯಸಂಕೇತಗಳು

ಜಪಾನಿನ ಕಿಮೋನೊವಿನ ಅಂಚನ್ನೋ, ಅರಗಿನ ಮೆರುಗಿಟ್ಟ ಪೆಟ್ಟಿಗೆಯ ಮುಚ್ಚಳವನ್ನೋ ನೋಡುವಾಗ, ಅಲ್ಲಿಯ ಹೂಬಳ್ಳಿಗಳು ಕೇವಲ ಕಣ್ಣಿನ ತೃಪ್ತಿಗಾಗಿ ಬರೆದವುಗಳೆಂದು ನಾವು ಭಾವಿಸುವುದು ಸಹಜ. ಆದರೆ ಅವುಗಳಲ್ಲಿ ಹಲವಕ್ಕೆ ಪರಂಪರೆಯಿಂದ ಬಂದ ಅರ್ಥವುಂಟು. ಆ ಅರ್ಥವು ಬಹುಮಟ್ಟಿಗೆ ಆಯಾ ಗಿಡದ ಸ್ವಭಾವದಿಂದಲೇ ಹುಟ್ಟಿದುದು.

ಪೈನ್, ಬಿದಿರು, ಪ್ಲಮ್, ಈ ಮೂರನ್ನು ಒಟ್ಟಿಗೆ ಚಿತ್ರಿಸುವ ಪದ್ಧತಿ ಚೀನಾದಿಂದ ಬಂದುದು. ಪೈನ್ ಮರವು ಚಳಿಗಾಲದಲ್ಲಿಯೂ ಹಸುರನ್ನು ಬಿಡದು. ಬಿದಿರು ಹಿಮದ ಭಾರಕ್ಕೆ ಬಾಗೀತೇ ಹೊರತು ಮುರಿಯದು. ಪ್ಲಮ್ ಮರವು ಚಳಿ ಕಳೆಯುವ ಮುನ್ನವೇ ಬರಿಗೊಂಬೆಯಲ್ಲಿ ಹೂ ತಳೆಯುವುದು. ಆದುದರಿಂದಲೇ ಇವು ಸ್ಥೈರ್ಯದ ಗುರುತುಗಳಾಗಿ, ಮದುವೆ, ಹೊಸವರ್ಷ ಮೊದಲಾದ ಶುಭಕಾಲಗಳಲ್ಲಿ ಮಾನ್ಯವಾಗಿವೆ. ತಾವರೆಯ ಸಂಕೇತವಾದರೋ ಬೌದ್ಧಧರ್ಮದೊಡನೆ ಭರತಖಂಡದಿಂದ ಹೋದುದು. ಕೆಸರಿನಲ್ಲಿ ಹುಟ್ಟಿಯೂ ಕೆಸರಂಟದ ಆ ಹೂವಿನ ಅರ್ಥವನ್ನು ನಮ್ಮ ಶ್ರೋತೃಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

18ನೆಯ ಶತಮಾನದ ಆದಿಭಾಗದಲ್ಲಿ ಒಗಾಟ ಕೋರಿನ್ ಎಂಬ ಕಲಾವಿದನು ಆರಾರು ಮಡಿಕೆಗಳುಳ್ಳ ಒಂದು ಜೊತೆ ತೆರೆಗಳ ಮೇಲೆ, ಚಿನ್ನದ ರೇಕಿನ ಹಿನ್ನೆಲೆಯಲ್ಲಿ, ನೀಲಿಯ ಐರಿಸ್ ಹೂಗಳನ್ನು ಬರೆದನು. ಊರು ಬಿಟ್ಟು ಹೊರಟ ಪಯಣಿಗನೊಬ್ಬನು ಎಂಟು ಸೇತುವೆಗಳ ಎಡೆಯಲ್ಲಿ ಈ ಹೂಗಳನ್ನು ಕಂಡು, ದೂರದ ಮಡದಿಯನ್ನು ನೆನೆದು ಮರುಗಿದ ಪ್ರಸಂಗವು ‘ಇಸೆ ಮೊನೊಗತಾರಿ’ ಎಂಬ ಪ್ರಾಚೀನ ಕಥಾಗ್ರಂಥದಲ್ಲಿದೆ. ಕೋರಿನ್ ಬರೆದ ಆ ತೆರೆಗಳಲ್ಲಿ ಸೇತುವೆಯೂ ಇಲ್ಲ, ಪಯಣಿಗನೂ ಇಲ್ಲ. ಆದರೂ ಕಥೆಯನ್ನು ಬಲ್ಲವರಿಗೆ ಆ ಹೂಗಳೇ ವಿರಹವನ್ನು ತಿಳಿಸುತ್ತವೆ.

ಸಸ್ಯಗಳು ಅಧಿಕಾರದ ಮುದ್ರೆಗಳಾದುದೂ ಉಂಟು. 1603ರಿಂದ 1868ರವರೆಗೆ ರಾಜ್ಯಭಾರ ನಡೆಸಿದ ತೋಕುಗಾವ ವಂಶದ ಲಾಂಛನವು ‘ಅಓಯಿ’ ಗಿಡದ ಮೂರು ಎಲೆಗಳು. 16 ಎಸಳಿನ ಸೇವಂತಿಗೆಯು ಚಕ್ರವರ್ತಿಯ ಮನೆತನಕ್ಕೆ ಮೀಸಲಾದುದು.

ಚೆರ್ರಿ ಹೂವಿನ ಚರಿತ್ರೆ ಇವೆಲ್ಲಕ್ಕಿಂತ ವಿಷಾದಕರವಾದುದು. ಕೆಲವೇ ದಿನಗಳಲ್ಲಿ ಅರಳಿ ಉದುರುವ ಈ ಹೂವನ್ನು ಕವಿಗಳೂ ಕುಶಲಕರ್ಮಿಗಳೂ ಬಾಳಿನ ಅನಿತ್ಯತೆಯ ಗುರುತಾಗಿ ಎಣಿಸಿದರು. ಆಧುನಿಕ ಕಾಲದಲ್ಲಿ ಸೈನ್ಯವು ಅದನ್ನೇ ಯೋಧನ ಮರಣಕ್ಕೆ ಹೋಲಿಸಿತು. 1944ರ ಅಕ್ಟೋಬರಿನಲ್ಲಿ ಏರ್ಪಟ್ಟ ಮೊದಲ ಆತ್ಮಾಹುತಿ ವಿಮಾನದಳಗಳಲ್ಲಿ ಒಂದಕ್ಕೆ ‘ಬೆಟ್ಟದ ಚೆರ್ರಿ’ ಎಂಬರ್ಥದ ಹೆಸರನ್ನಿಟ್ಟರು. 1945ರಲ್ಲಿ ಯುದ್ಧಕ್ಕಿಳಿದ ‘ಓಕಾ’ ಎಂಬ ಆತ್ಮಾಹುತಿ ವಿಮಾನದ ಹೆಸರಿಗೂ ಚೆರ್ರಿ ಹೂವೆಂದೇ ಅರ್ಥ; ಅದರ ಪಕ್ಕದಲ್ಲಿಯೂ ಆ ಹೂವನ್ನು ಬರೆದಿದ್ದರು.

ಬಾಳು ಅಲ್ಪಕಾಲದ್ದೆಂಬುದಿಷ್ಟೇ ಆ ಹೂವಿನಲ್ಲಿದ್ದ ಅರ್ಥ. ಆದಕಾರಣ ಪ್ರಾಣವನ್ನು ಒಪ್ಪಿಸಬೇಕೆಂಬ ವಿಧಿಯನ್ನು ಅದಕ್ಕೆ ಸೇರಿಸಿದವರು ಮನುಷ್ಯರು. ಸಂಕೇತಗಳನ್ನು ಓದುವಾಗ ಗಿಡದ ಗುಣವಾವುದು, ನಾವು ಹೊರಿಸಿದ ಹೊರೆಯಾವುದು ಎಂಬ ವಿವೇಚನೆ ಅವಶ್ಯಕ. ಜಪಾನಿನ ಜನ ಈಗಲೂ ಪ್ರತಿ ವಸಂತದಲ್ಲಿ ಚೆರ್ರಿ ಮರಗಳಡಿ ಬುತ್ತಿ ಬಿಚ್ಚಿ, ಎಸಳುದುರುವುದನ್ನು ನೋಡುತ್ತ ಕುಳಿತಿರುತ್ತಾರೆ.