ಬಿಟ್‌ಕಾಯಿನ್ ಗಣಿಯ ಯಂತ್ರಗಳು ಅಗ್ಗವಾದ ಕಥೆ

"ಮೈನಿಂಗ್ ಮೆಷಿನ್‌ಗಳು ಈಗ ತುಂಬಾ ಅಗ್ಗ ಅಂತೆ, ಒಂದೆರಡು ತಗೊಂಡ್ರೆ ಲಾಭ ಅಲ್ವಾ?" ಬಿಟ್‌ಕಾಯಿನ್ ಬೆಲೆ ಕುಸಿದಾಗಲೆಲ್ಲ ಹೀಗೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. (ಗಣಿ ಅಂದ ಕೂಡಲೇ ಬಳ್ಳಾರಿ ನೆನಪಾದರೆ ತಪ್ಪು ನಿಮ್ಮದಲ್ಲ, ಇದು ಬೇರೆ ಗಣಿ :) ) ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2009ರ ಜನವರಿಯಲ್ಲಿ ಇದು ಶುರುವಾದಾಗ ಮನೆಯ ಕಂಪ್ಯೂಟರೇ ಸಾಕಿತ್ತು. ಕೆಲಸ ಇಷ್ಟೇ.. ಒಂದೇ ಸಮನೆ ಲೆಕ್ಕ ಹಾಕುತ್ತಾ ಹೋಗುವುದು, ಮೊದಲು ಉತ್ತರ ಸಿಕ್ಕವರಿಗೆ ಬಹುಮಾನ. ಆಗ ಅದು 50 ನಾಣ್ಯ. 2010ರಲ್ಲಿ ಲಾಸ್ಲೋ ಹಾನ್ಯೆಟ್ಸ್ ಎಂಬಾತ ಈ ಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸಿದ. (ಹೌದು, 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡವನೂ ಇವನೇ!) 2013ರಲ್ಲಿ ಏಸಿಕ್ ಯಂತ್ರಗಳು ಬಂದವು. ಇವಕ್ಕೆ ಈ ಒಂದು ಲೆಕ್ಕ ಬಿಟ್ಟು ಬೇರೇನೂ ಬಾರದು. ಗ್ರಾಫಿಕ್ಸ್ ಕಾರ್ಡನ್ನು ಗೇಮ್ ಆಡುವ ಹುಡುಗರಿಗಾದರೂ ಮಾರಬಹುದಿತ್ತು, ಏಸಿಕ್ ಕೆಟ್ಟರೆ ಗುಜರಿಯೇ ಗತಿ.

ಇಲ್ಲೇ ಇರುವುದು ಸ್ವಾರಸ್ಯ. ಯಂತ್ರಗಳು ಎಷ್ಟೇ ಹೆಚ್ಚಲಿ, ಸಿಗುವ ನಾಣ್ಯಗಳ ಸಂಖ್ಯೆ ಹೆಚ್ಚುವುದಿಲ್ಲ. ಪ್ರತಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟ ತಾನಾಗಿ ಬದಲಾಗುತ್ತದೆ. ನಿಮ್ಮದು ವೇಗದ ಯಂತ್ರ ಅಂತ ಬೀಗಿದರೆ ಪ್ರಯೋಜನವಿಲ್ಲ, ಪಕ್ಕದವನೂ ಅದನ್ನೇ ತಂದಿರುತ್ತಾನೆ. ಅಮೆರಿಕದ ಬಟರ್‌ಫ್ಲೈ ಲ್ಯಾಬ್ಸ್ ಗ್ರಾಹಕರಿಂದ ಮುಂಗಡ ಹಣ ಪಡೆದು ಯಂತ್ರ ಕಳಿಸಲೇ ಇಲ್ಲ, ಕಳಿಸಿದ್ದೂ ಕೆಲಸಕ್ಕೆ ಬಾರದಷ್ಟು ತಡವಾಗಿ ಅಂತ ಅಲ್ಲಿನ ವ್ಯಾಪಾರ ಆಯೋಗ 2014ರಲ್ಲಿ ಕೇಸು ಹಾಕಿತು. 2016ರಲ್ಲಿ ರಾಜಿಯಾಯಿತು. ಈ ಧಂದೆಯಲ್ಲಿ ತಿಂಗಳುಗಟ್ಟಲೆ ತಡ ಅಂದರೆ ಹಳಸಿದ ಅನ್ನ ಬಡಿಸಿದ ಹಾಗೆ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಆಂಟ್‌ಮೈನರ್ ಎಸ್19ಜೆ ಪ್ರೊ, 100 ಟೆರಾಹ್ಯಾಶ್, ದಿನಕ್ಕೆ ಸುಮಾರು 73 ಯೂನಿಟ್ ಕರೆಂಟು ಕುಡಿಯುತ್ತದೆ. ಯೂನಿಟ್‌ಗೆ 7 ಸೆಂಟ್ ಅಂದುಕೊಂಡರೆ ದಿನಕ್ಕೆ 5 ಡಾಲರ್ ಚಿಲ್ಲರೆ. 2021ರ ನವೆಂಬರ್‌ನಲ್ಲಿ, ಬಿಟ್‌ಕಾಯಿನ್ 69,000 ಡಾಲರ್ ಹತ್ತಿರ ಹೋಗಿದ್ದಾಗ, ಈ ಯಂತ್ರದ ಬೆಲೆ 10,000 ಡಾಲರ್ ಆಸುಪಾಸು, ದಿನದ ಗಳಿಕೆ ಸುಮಾರು 40 ಡಾಲರ್. ಹತ್ತು ತಿಂಗಳೊಳಗೆ ಅಸಲು ವಾಪಸ್! 2022ರ ಕೊನೆಗೆ ಅದೇ ಯಂತ್ರ 2,000 ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಆದರೆ ಗಳಿಕೆ 6 ಡಾಲರ್‌ಗೆ ಬಿದ್ದಿತ್ತು. ಕರೆಂಟು ಬಿಲ್ಲು ಕಳೆದು ಉಳಿಯುವುದು ಒಂದು ಡಾಲರೂ ಇಲ್ಲ. ಅಸಲು ಹುಟ್ಟಲು ಆರು ವರ್ಷದ ಮೇಲೆ ಬೇಕು. ಎಲ್ಲಿದೆ ಸ್ವಾಮಿ ಅಗ್ಗ?

ನನ್ನ ಪ್ರಕಾರ ಯಂತ್ರದ ಬೆಲೆ ಅಂದರೆ ಅದರ ಮುಂದಿನ ಗಳಿಕೆಯ ಅಂದಾಜು, ಅಷ್ಟೇ. ಗಳಿಕೆ ಬಿದ್ದದ್ದಕ್ಕೇ ಯಂತ್ರ ಅಗ್ಗವಾಗಿದ್ದು. ಅದರ ಮೇಲೆ 2021ರ ಹುಮ್ಮಸ್ಸಿನಲ್ಲಿ ಆರ್ಡರ್ ಮಾಡಿದ ಯಂತ್ರಗಳು 2022ರಲ್ಲಿ ಬಂದಿಳಿದವು. ಬೆಲೆ ಬೀಳುತ್ತಿದ್ದರೂ ಪೈಪೋಟಿ ಏರುತ್ತಲೇ ಇತ್ತು.

ಹೊಡೆತ ಬಿದ್ದದ್ದು ಯಂತ್ರವನ್ನೇ ಅಡವಿಟ್ಟು ಸಾಲ ತಂದವರಿಗೆ. 2022ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಗಣಿ ನಡೆಸುತ್ತಿದ್ದ ಸ್ಟ್ರಾಂಗ್‌ಹೋಲ್ಡ್ ಕಂಪನಿ ಸುಮಾರು 26,000 ಯಂತ್ರಗಳನ್ನು ಸಾಲ ಕೊಟ್ಟವರಿಗೇ ಒಪ್ಪಿಸಿ ಆರೂವರೆ ಕೋಟಿ ಡಾಲರ್‌ಗೂ ಮಿಕ್ಕ ಸಾಲ ಕಳೆದುಕೊಂಡಿತು. ಒಂದು ರೀತಿಯಲ್ಲಿ ಜಾಣತನವೇ ಅನ್ನಿ. ಡಿಸೆಂಬರ್‌ನಲ್ಲಿ ಕೋರ್ ಸೈಂಟಿಫಿಕ್ ದಿವಾಳಿ ಅರ್ಜಿ ಹಾಕಿತು. 2024ರ ಜನವರಿಯಲ್ಲಿ ಅದರಿಂದ ಹೊರಬಂದು, ಅದೇ ವರ್ಷ ಕೃತಕ ಬುದ್ಧಿಮತ್ತೆಯ ಕಂಪ್ಯೂಟರುಗಳಿಗೆ ಜಾಗ ಮತ್ತು ಕರೆಂಟು ಒದಗಿಸುವ ಒಪ್ಪಂದ ಮಾಡಿಕೊಂಡಿತು. ಏಸಿಕ್‌ಗಳು ಬೆಲೆ ಕಳೆದುಕೊಂಡಿದ್ದವು, ಶೆಡ್ಡಿಗೂ ಕರೆಂಟು ಲೈನಿಗೂ ಮಾತ್ರ ಗಿರಾಕಿ ಸಿಕ್ಕಿತು.