ಪೇಪರ್ ಮಿಲ್ಲಿಗೆ ಗೂಗಲ್ ಬಂದ ಕಥೆ

ಇವತ್ತಿನ ವಿಷಯ ಕಾಗದ. ಬೋರ್ ಅಂತ ಸ್ಕಿಪ್ ಮಾಡ್ಬೇಡಿ, ನಿಮ್ಮ ಕೈಲಿರೋ ಫೋನಿಗೂ ಇದಕ್ಕೂ ಸಂಬಂಧ ಇದೆ.

ಬಿ.ಕಾಂ. ಓದುವಾಗ ನನ್ನ ತಲೇಲಿ ಕೂತಿದ್ದು ಇಷ್ಟೇ: ರಫ್ತು ಜಾಸ್ತಿ ಇದ್ರೆ ದೇಶ ಗೆದ್ದ ಹಾಗೆ, ಆಮದು ಜಾಸ್ತಿ ಇದ್ರೆ ಸೋತ ಹಾಗೆ. ಫಿನ್‌ಲೆಂಡ್ ಮತ್ತು ಚೀನಾದ ಕಾಗದ, ರಟ್ಟಿನ ವ್ಯಾಪಾರವನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ಲೆಕ್ಕದ ಮೇಲೇ ಅನುಮಾನ ಬಂತು.

ಫಿನ್‌ಲೆಂಡಿನ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೆ ದೇಶದ ತುಂಬಾ ಕಾಡು. ನೋಕಿಯಾ ಕೂಡ 1865ರಲ್ಲಿ ಶುರುವಾಗಿದ್ದು ಮರದ ತಿರುಳು ಮಾಡೋ ಮಿಲ್ ಆಗಿ! 2007ರಲ್ಲಿ ಅಲ್ಲಿ ಸುಮಾರು 1 ಕೋಟಿ 40 ಲಕ್ಷ ಟನ್ ಕಾಗದ, ರಟ್ಟು ತಯಾರಾಯಿತು. ನೂರಕ್ಕೆ 90ಕ್ಕಿಂತ ಹೆಚ್ಚು ಹೊರದೇಶಕ್ಕೆ.

ಚೀನಾದ ಕಥೆ ಉಲ್ಟಾ. ಅಲ್ಲಿ ಮರದ ಕೊರತೆ, ಬಹಳ ವರ್ಷ ಕಾಗದಕ್ಕೆ ಆಮದೇ ಗತಿ. ಇಲ್ಲಿ ಜಾಂಗ್ ಯಿನ್ ಅನ್ನೋ ಹೆಂಗಸಿನ ಬಗ್ಗೆ ಹೇಳಲೇಬೇಕು. 1990ರಲ್ಲಿ ಅಮೆರಿಕಕ್ಕೆ ಹೋದ ಈಕೆ ಒಂದು ವಿಷಯ ಹಿಡಿದರು. ಚೀನಾದಿಂದ ಸಾಮಾನು ತುಂಬಿಕೊಂಡು ಬರೋ ಹಡಗುಗಳ ಕಂಟೇನರ್‌ಗಳು ವಾಪಸ್ ಹೋಗುವಾಗ ಖಾಲಿ, ಬಾಡಿಗೆ ಅಗ್ಗ. ಅದರಲ್ಲಿ ಅಮೆರಿಕದ ರದ್ದಿ ತುಂಬಿ ಕಳಿಸಿದರು. ನಮ್ಮ ಬೀದಿಯ ರದ್ದಿ ಅಂಗಡಿ ವ್ಯಾಪಾರವೇ, ಹಡಗಿನ ಲೆಕ್ಕದಲ್ಲಿ. 1995ರಲ್ಲಿ ನೈನ್ ಡ್ರ್ಯಾಗನ್ಸ್ ಕಂಪನಿ ಕಟ್ಟಿ ಆ ರದ್ದಿಯಿಂದ ರಟ್ಟು ಮಾಡಿದರು. 2006ರಲ್ಲಿ ಹುರುನ್ ಪಟ್ಟಿ ಪ್ರಕಾರ ಚೀನಾದ ಅತಿ ಶ್ರೀಮಂತ ವ್ಯಕ್ತಿ ಇವರೇ.

ಈಗ ತಮಾಷೆ ನೋಡಿ. ಆ ರಟ್ಟಿನ ಡಬ್ಬದೊಳಗೆ ಟಿವಿ, ಶೂ ಕೂತು ಅಮೆರಿಕಕ್ಕೆ ವಾಪಸ್ ಹೋಯ್ತು. ಆದರೆ ಅಂಕಿಅಂಶದಲ್ಲಿ ಅದು 'ಟಿವಿ ರಫ್ತು'. ಡಬ್ಬ ಕಾಗದದ ಕಾಲಂನಲ್ಲಿ ಬರೋದೇ ಇಲ್ಲ. ಹಾಗಿದ್ದೂ 2007ರ ಹೊತ್ತಿಗೆ ಚೀನಾದ ಕಾಗದ ರಫ್ತು ಆಮದನ್ನು ದಾಟಿತ್ತು. 2009ರಲ್ಲಿ ಉತ್ಪಾದನೆಯಲ್ಲಿ ಅಮೆರಿಕವನ್ನೂ ಹಿಂದಿಕ್ಕಿತು.

ಐಫೋನ್ ಬಂದಿದ್ದೂ 2007ರಲ್ಲೇ. ಪೇಪರ್, ಮ್ಯಾಗಜಿನ್ ಓದೋರು ಸ್ಕ್ರೀನಿಗೆ ಬಂದರು. ಫಿನ್‌ಲೆಂಡ್ ಹೆಚ್ಚಾಗಿ ಮಾರ್ತಾ ಇದ್ದಿದ್ದು ಅಂಥ ಅಚ್ಚಿನ ಕಾಗದವನ್ನೇ. ಹಾಮಿನಾ ಊರಿನ ಸುಮ್ಮಾ ಮಿಲ್ 2008ರಲ್ಲಿ ಬಾಗಿಲು ಹಾಕಿತು. ಮುಂದಿನ ವರ್ಷ ಅದನ್ನು ಸುಮಾರು 4 ಕೋಟಿ ಯೂರೋ ಕೊಟ್ಟು ಕೊಂಡಿದ್ದು ಗೂಗಲ್, ಡೇಟಾ ಸೆಂಟರ್ ಮಾಡೋಕೆ. ಮಿಲ್ಲಿಗೆ ಸಮುದ್ರದ ನೀರು ತರ್ತಿದ್ದ ಹಳೇ ಸುರಂಗವೇ ಈಗ ಸರ್ವರ್‌ಗಳನ್ನು ತಣ್ಣಗಿಡುತ್ತೆ. 2020ಕ್ಕೆ ದೇಶದ ಉತ್ಪಾದನೆ ಸುಮಾರು 80 ಲಕ್ಷ ಟನ್ನಿಗೆ ಇಳಿದಿತ್ತು.

ಹಾಗಾದ್ರೆ ಚೀನಾ ಗೆದ್ದಿತಾ? 2016ರಲ್ಲಿ ಸುಮಾರು 2 ಕೋಟಿ 80 ಲಕ್ಷ ಟನ್ ರದ್ದಿ ತರಿಸಿಕೊಂಡಿದ್ದ ದೇಶ, ಕಸ ಸಾಕು ಅಂತ ನಿಯಮ ಬಿಗಿ ಮಾಡ್ತಾ ಬಂದು 2021ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ರದ್ದಿ ಇಲ್ಲ ಅಂದ್ಮೇಲೆ ರಟ್ಟೇ ತರಿಸಬೇಕಲ್ಲ? 2020ರಲ್ಲೇ ಅದರ ಕಾಗದ, ರಟ್ಟಿನ ಆಮದು ಮತ್ತೆ ರಫ್ತನ್ನು ಮೀರಿತ್ತು.

ಫಿನ್‌ಲೆಂಡಿನ ಉತ್ತರದಲ್ಲಿ ಕೆಮಿ, ಔಲು ಅಂತ ಎರಡು ಊರು, ಮಧ್ಯೆ ಸುಮಾರು 100 ಕಿ.ಮೀ. ಎರಡರಲ್ಲೂ ಸ್ಟೋರಾ ಎನ್ಸೋ ಕಂಪನಿಯ ಮಿಲ್. 2021ರ ಆರಂಭದಲ್ಲಿ ಔಲುವಿನ ಕಾಗದದ ಮಷಿನ್ ಡಬ್ಬದ ರಟ್ಟು ಮಾಡೋಕೆ ಶುರುಮಾಡಿತು. ಅದೇ ವರ್ಷ ಸೆಪ್ಟೆಂಬರಲ್ಲಿ ಕೆಮಿಯ ಮಿಲ್ ನಿಂತಿತು. ಸುಮಾರು 670 ಜನರ ಕೆಲಸ ಹೋಯ್ತು.