ಗಂಡಭೇರುಂಡ ಹೊತ್ತ ಹಡಗು, ತೆರೆಯ ಮೇಲಿನ ಕಡಲ ಕಾಳಗ

1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ಅದೇ ತಿಂಗಳು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ 'ನೈಜೀರಿಯಾ' ಎಂಬ ಹೊಸ ಕ್ರೂಸರ್ ಹಡಗು ನೀರಿಗಿಳಿಯಿತು. ಈ ಎರಡು ಸಂಗತಿಗಳಿಗೆ ಆಗ ಯಾವ ನಂಟೂ ಇರಲಿಲ್ಲ. ಹದಿನೆಂಟು ವರ್ಷಗಳ ಬಳಿಕ ಅದೇ ಹಡಗು ಭಾರತದ ನೌಕಾಪಡೆಗೆ ಸೇರಿ 'ಐಎನ್‌ಎಸ್ ಮೈಸೂರು' ಎಂಬ ಹೆಸರು ಪಡೆಯಿತು. ಮೈಸೂರು ಅರಸರ ಗಂಡಭೇರುಂಡವೇ ಅದರ ಲಾಂಛನವಾಯಿತು.

ಮಂಡ್ಯ, ಮದ್ದೂರು, ಮಳವಳ್ಳಿಯ ಜನರಿಗೆ ನೀರೆಂದರೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಶಿಂಷಾ ಹೊಳೆ. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಯುದ್ಧದ ಸಿನಿಮಾ ಎಂದರೂ ಕನ್ನಡದ ಪ್ರೇಕ್ಷಕರಿಗೆ ಥಟ್ಟನೆ ನೆನಪಾಗುವುದು 1990ರ 'ಮುತ್ತಿನ ಹಾರ'. ಅದು ನೆಲದ ಮೇಲೆ ಹೋರಾಡಿದ ಯೋಧನ ಕಥೆ. ಕಡಲ ಕಾಳಗದ ಹಳೆಯ ಇಂಗ್ಲಿಷ್ ಚಿತ್ರಗಳನ್ನು ನಮ್ಮವರು ನೋಡಿದರೂ ಅದು ದೂರದ ದೇಶದವರ ಜಗಳ ಎಂಬ ಭಾವನೆಯಿಂದಲೇ ನೋಡುವುದು ಹೆಚ್ಚು. ಆದರೆ ಆ ಚಿತ್ರಗಳ ಹಿಂದಿನ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಆ ದೂರ ಕಡಿಮೆಯಾಗುತ್ತದೆ.

ಈ ಸೀಮೆಗೆ ಕಡಲ ಯುದ್ಧದ ಯೋಚನೆ ಹೊಸದೂ ಅಲ್ಲ. ಹೈದರಾಲಿ ಕಟ್ಟಿದ್ದ ನೌಕಾಬಲವನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಬ್ರಿಟಿಷ್ ಹಡಗುಗಳು ಮಂಗಳೂರಿನಲ್ಲೇ ಸುಟ್ಟು ಮುಳುಗಿಸಿದ್ದವು. ಆ ಪೆಟ್ಟನ್ನು ಮರೆಯದ ಟಿಪ್ಪು ಸುಲ್ತಾನ 1796ರಲ್ಲಿ ಶ್ರೀರಂಗಪಟ್ಟಣದಲ್ಲಿ ಕುಳಿತು ನೌಕಾಪಡೆಗೆಂದೇ ಪ್ರತ್ಯೇಕ ಆಡಳಿತ ಮಂಡಳಿ ರಚಿಸಿದ. 40 ಯುದ್ಧನೌಕೆಗಳನ್ನು ಕಟ್ಟಲು ವಿವರವಾದ ಹುಕುಂ ಹೊರಡಿಸಿದ. ಅದು ಕೈಗೂಡುವ ಮುನ್ನವೇ ಎಲ್ಲ ಮುಗಿಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಕಾಳಗದಲ್ಲಿ ಹಿಮ್ಮೆಟ್ಟಿದ ಟಿಪ್ಪುವಿನ ಸೇನೆ ಮೇ 4ರಂದು ರಾಜಧಾನಿಯನ್ನೂ ಕಳೆದುಕೊಂಡಿತು. ಕಡಲಿಗೆ ಇಳಿಯಬೇಕಿದ್ದ ನೌಕಾಪಡೆ ಕಾವೇರಿ ದಂಡೆಯಲ್ಲೇ ಸೋತಿತೆನ್ನಬೇಕು.

ಹಳೆಯ ನೌಕಾಯುದ್ಧದ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಕೇಳುವವರಿಗೆ 'ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್' ಒಳ್ಳೆಯ ಆರಂಭ. ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿ ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1956ರಲ್ಲಿ. ಜರ್ಮನಿಯ 'ಗ್ರಾಫ್ ಸ್ಪೀ' ಎಂಬ ಯುದ್ಧನೌಕೆಯನ್ನು ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಮೂರು ಸಣ್ಣ ಕ್ರೂಸರುಗಳು ಅಡ್ಡಗಟ್ಟಿದ ನಿಜಕಥೆ ಅದು. ಕಾಳಗ ನಡೆದದ್ದು 1939ರ ಡಿಸೆಂಬರ್ 13ರಂದು. ಗ್ರಾಫ್ ಸ್ಪೀ ಹಡಗಿನ ತೋಪುಗಳು 11 ಇಂಚಿನವು. ಎದುರಾಳಿಗಳ ಪೈಕಿ 'ಎಕ್ಸೆಟರ್' ಹಡಗಿನ ತೋಪುಗಳು 8 ಇಂಚಿನವು, 'ಏಜಾಕ್ಸ್' ಮತ್ತು 'ಅಕಿಲೀಸ್' ಹಡಗುಗಳದು ಕೇವಲ 6 ಇಂಚು. ಎಕ್ಸೆಟರ್ ಒಂದು ದಿಕ್ಕಿನಿಂದ, ಉಳಿದೆರಡು ಹಡಗುಗಳು ಇನ್ನೊಂದು ದಿಕ್ಕಿನಿಂದ ನುಗ್ಗಿ ಜರ್ಮನ್ ತೋಪುಗಳ ಗಮನವನ್ನು ಹಂಚಿದ್ದೇ ಅವರ ಯುದ್ಧತಂತ್ರ. ಎಕ್ಸೆಟರ್ ಜರ್ಜರಿತವಾಗಿ ಹಿಂದೆ ಸರಿಯಿತು. ಹಾಗಿದ್ದರೂ ಪೆಟ್ಟು ತಿಂದ ಗ್ರಾಫ್ ಸ್ಪೀ ತಟಸ್ಥ ರಾಷ್ಟ್ರವಾದ ಉರುಗ್ವೆಯ ಮಾಂಟೆವಿಡಿಯೊ ಬಂದರಿಗೆ ಹೋಗಿ ಆಶ್ರಯ ಬೇಡಿತು.

ಇಲ್ಲಿಂದಾಚೆಗೆ ಚಿತ್ರದಲ್ಲಿ ಗುಂಡಿನ ಸದ್ದಿಲ್ಲ, ರಾಜತಂತ್ರದ ಜಗ್ಗಾಟವಿದೆ. ಬಂದರಿನಲ್ಲಿರಲು ಗ್ರಾಫ್ ಸ್ಪೀಗೆ ಸಿಕ್ಕಿದ್ದು 72 ಗಂಟೆಗಳ ಗಡುವು. ಹೊರಗೆ ದೊಡ್ಡ ನೌಕಾಬಲವೇ ಕಾದಿದೆ ಎಂಬ ವದಂತಿಯನ್ನು ಬ್ರಿಟಿಷರು ಹಬ್ಬಿಸಿದರು. ನಿಜಕ್ಕೂ ಹೊಸದಾಗಿ ಬಂದು ಸೇರಿದ್ದು 'ಕಂಬರ್‌ಲ್ಯಾಂಡ್' ಎಂಬ ಒಂದೇ ಹಡಗು. ಡಿಸೆಂಬರ್ 17ರ ಸಂಜೆ ಜರ್ಮನ್ ಕ್ಯಾಪ್ಟನ್ ಹಾನ್ಸ್ ಲಾಂಗ್ಸ್‌ಡಾರ್ಫ್ ತನ್ನ ಹಡಗನ್ನು ಬಂದರಿನಾಚೆ ಒಯ್ದು ತಾನೇ ಸ್ಫೋಟಿಸಿದ. ದಡದಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಒಂಬತ್ತು ವ್ಯಾಪಾರಿ ಹಡಗುಗಳನ್ನು ಮುಳುಗಿಸಿದ್ದ ಈ ಕ್ಯಾಪ್ಟನ್ ಆ ಹಡಗುಗಳಲ್ಲಿದ್ದ ಒಬ್ಬನ ಜೀವವನ್ನೂ ತೆಗೆದಿರಲಿಲ್ಲ. ಪೀಟರ್ ಫಿಂಚ್ ಆ ಪಾತ್ರವನ್ನು ಘನತೆಯಿಂದ ನಿರ್ವಹಿಸಿದ್ದಾನೆ. ಮೂರು ದಿನಗಳ ಬಳಿಕ ಲಾಂಗ್ಸ್‌ಡಾರ್ಫ್ ಬ್ಯೂನಸ್ ಐರಿಸ್‌ನಲ್ಲಿ ಗುಂಡು ಹಾರಿಸಿಕೊಂಡು ಸತ್ತದ್ದನ್ನು ಮಾತ್ರ ಚಿತ್ರ ತೋರಿಸುವುದಿಲ್ಲ.

ಭಾರತೀಯರು ಕಣ್ಣಿಟ್ಟು ನೋಡಬೇಕಾದದ್ದು ಅಕಿಲೀಸ್ ಹಡಗನ್ನು. ನ್ಯೂಜಿಲೆಂಡಿನ ನಾವಿಕರಿದ್ದ ಆ ಹಡಗು ಯುದ್ಧಾನಂತರ, 1948ರ ಜುಲೈನಲ್ಲಿ, ಭಾರತಕ್ಕೆ ಬಂದು 'ದೆಹಲಿ' ಎಂಬ ಹೆಸರು ಪಡೆದಿತ್ತು. ಮುಂದೆ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ರಾಮದಾಸ್ ಕಟಾರಿ ಆಗ ಅದೇ ಹಡಗಿನ ಎರಡನೆಯ ಅಧಿಕಾರಿ. 1950ರಲ್ಲಿ ಪ್ರಧಾನಿ ನೆಹರೂ ಇಂಡೊನೇಷ್ಯಾಕ್ಕೆ ಹೋದದ್ದೂ ಅದರಲ್ಲೇ. ಚಿತ್ರ ತಯಾರಾಗುವಾಗ ಅಕಿಲೀಸ್ ಪಾತ್ರಕ್ಕೆ ಐಎನ್‌ಎಸ್ ದೆಹಲಿಯನ್ನೇ ಬಳಸಿಕೊಳ್ಳಲಾಯಿತು. ಏಜಾಕ್ಸ್ ಪಾತ್ರಕ್ಕೆ 'ಶೆಫೀಲ್ಡ್', ಎಕ್ಸೆಟರ್ ಪಾತ್ರಕ್ಕೆ 'ಜಮೈಕಾ' ಬಂದವು. ಗ್ರಾಫ್ ಸ್ಪೀ ಪಾತ್ರ ಅಮೆರಿಕದ 'ಸೇಲಂ' ಹಡಗಿನ ಪಾಲಾಯಿತು. ಎರಡೇ ತೋಪುಗೋಪುರಗಳಿದ್ದ ಗ್ರಾಫ್ ಸ್ಪೀಗೆ ತೆರೆಯ ಮೇಲೆ ಮೂರು ಗೋಪುರ ಕಾಣುವುದು ಇದೇ ಕಾರಣಕ್ಕೆ. ನಿಜವಾದ ಕಾಳಗದಲ್ಲಿ ಭಾಗವಹಿಸಿ, ಅದೇ ಕಾಳಗದ ಚಿತ್ರದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ ಹಡಗೆಂದರೆ ನಮ್ಮ ದೆಹಲಿ. ಅಂದು ಅದನ್ನು ನಡೆಸುತ್ತಿದ್ದವರು ಭಾರತೀಯ ನಾವಿಕರು. ತೆರೆಯ ಮೇಲೆ ಅದು ಸೀಳುವ ನೀರು, ಉಗುಳುವ ಹೊಗೆ ಸ್ಟುಡಿಯೋ ತೊಟ್ಟಿಯದ್ದಲ್ಲ. ಇಂದಿನ ಕಂಪ್ಯೂಟರ್ ಹಡಗುಗಳಿಗೆ ಆ ತೂಕ ಬಂದಿಲ್ಲ.

ದೆಹಲಿ ಹಡಗು 1961ರ ಡಿಸೆಂಬರಿನಲ್ಲಿ ದಿಯು ಬಳಿ ಪೋರ್ಚುಗೀಸರ ಮೇಲೆ ತೋಪು ಹಾರಿಸಿತು. 1978ರಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಅದರ ಒಂದು ತೋಪುಗೋಪುರವನ್ನು ಭಾರತ ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಕೊಟ್ಟಿತು. ಆಕ್ಲೆಂಡಿನ ನೌಕಾನೆಲೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿದ್ದಾರೆ.

ಇನ್ನು ನಮ್ಮ ಮೈಸೂರು. ನೈಜೀರಿಯಾ ಎಂದಿದ್ದಾಗ ಅದು ಕಂಡ ಯುದ್ಧವೂ ಸಿನಿಮಾಗಳ ಹಿನ್ನೆಲೆಯಲ್ಲಿದೆ. 1941ರ ಜೂನ್ 28ರಂದು ಉತ್ತರ ಸಮುದ್ರಗಳಾಚೆ, ಜಾನ್ ಮಾಯೆನ್ ದ್ವೀಪದ ಬಳಿ, 'ಲಾವೆನ್‌ಬರ್ಗ್' ಎಂಬ ಜರ್ಮನ್ ಹವಾಮಾನ ಹಡಗನ್ನು ನೈಜೀರಿಯಾ ಮತ್ತು ಅದರ ಜೊತೆಗಿದ್ದ ಡೆಸ್ಟ್ರಾಯರ್‌ಗಳು ಸೆರೆಹಿಡಿದವು. ಅದರಲ್ಲಿ ಸಿಕ್ಕ ಕಾಗದಪತ್ರಗಳು 'ಎನಿಗ್ಮಾ' ಯಂತ್ರದ ಗುಪ್ತಲಿಪಿಯನ್ನು ಒಡೆಯಲು ನೆರವಾದವು. ಎನಿಗ್ಮಾ ವಶಪಡಿಸಿಕೊಂಡ ಕೀರ್ತಿಯನ್ನು ಅಮೆರಿಕನ್ನರಿಗೆ ಕೊಟ್ಟ 'ಯು-571' (2000) ಚಿತ್ರ ರೋಚಕವೇನೋ ಹೌದು, ಇತಿಹಾಸವಲ್ಲ. ಜರ್ಮನ್ ಜಲಾಂತರ್ಗಾಮಿಯೊಂದರಿಂದ ಬ್ರಿಟಿಷರು ಎನಿಗ್ಮಾ ಯಂತ್ರವನ್ನು ಕೈವಶ ಮಾಡಿಕೊಂಡದ್ದು 1941ರ ಮೇ ತಿಂಗಳಲ್ಲಿ. ಅಮೆರಿಕ ಯುದ್ಧಕ್ಕೆ ಇಳಿದದ್ದೇ ಆ ವರ್ಷದ ಡಿಸೆಂಬರಿನಲ್ಲಿ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ಚಿತ್ರದ ಬಗ್ಗೆ ಆಕ್ಷೇಪ ಎದ್ದದ್ದು ಸಹಜವೇ.

1942ರ ಆಗಸ್ಟಿನಲ್ಲಿ ಮುತ್ತಿಗೆಗೆ ಸಿಲುಕಿದ್ದ ಮಾಲ್ಟಾ ದ್ವೀಪಕ್ಕೆ ಎಣ್ಣೆ, ಆಹಾರ ಸಾಗಿಸಲು 14 ವ್ಯಾಪಾರಿ ಹಡಗುಗಳು ಹೊರಟವು. ಬೆಂಗಾವಲಿನಲ್ಲಿದ್ದ ಅಡ್ಮಿರಲ್ ಒಬ್ಬನ ಧ್ವಜನೌಕೆ ನೈಜೀರಿಯಾ. ಆಗಸ್ಟ್ 12ರಂದು 'ಆಕ್ಸಮ್' ಎಂಬ ಇಟಲಿಯ ಜಲಾಂತರ್ಗಾಮಿ ಒಂದೇ ಸಲಕ್ಕೆ ಬಿಟ್ಟ ಟಾರ್ಪೆಡೊಗಳು ನೈಜೀರಿಯಾ, 'ಕೈರೊ' ಹಾಗೂ 'ಒಹಾಯೊ' ಎಂಬ ಎಣ್ಣೆ ಹಡಗಿಗೆ ಬಡಿದವು. ನೈಜೀರಿಯಾದಲ್ಲಿ 50ಕ್ಕೂ ಹೆಚ್ಚು ನಾವಿಕರು ಸತ್ತರು. ಹಡಗು ಕುಂಟುತ್ತ ಜಿಬ್ರಾಲ್ಟರಿಗೆ ಮರಳಿತು. ಮಾಲ್ಟಾ ತಲುಪಿದ ವ್ಯಾಪಾರಿ ಹಡಗುಗಳು ಐದೇ. ಅವುಗಳಲ್ಲಿ ಕೊನೆಯದು ಮುಳುಗುವ ಸ್ಥಿತಿಯಲ್ಲಿದ್ದ ಒಹಾಯೊ. ಆಲೆಕ್ ಗಿನ್ನೆಸ್ ನಟಿಸಿದ 'ಮಾಲ್ಟಾ ಸ್ಟೋರಿ' (1953) ಈ ಮುತ್ತಿಗೆಯ ಚಿತ್ರ. ಅದರಲ್ಲಿ ವಿಮಾನದವರ ಕಥೆಯೇ ಮುಂದೆ, ಪ್ರೇಮಪ್ರಸಂಗ ಸಪ್ಪೆ. ಆದರೂ ಹಸಿದ ದ್ವೀಪವೊಂದು ಹಡಗಿಗಾಗಿ ಕಾಯುವುದನ್ನು ಅದು ಚೆನ್ನಾಗಿ ಹಿಡಿದಿದೆ.

ಕಾಯುವುದೇ ಕಡಲ ಯುದ್ಧದ ಬಹುಪಾಲು ಕೆಲಸ. ವೈರಿ ಕಣ್ಣಿಗೆ ಬೀಳುವುದು ಅಪರೂಪ. ಸಮುದ್ರವಂತೂ ಇಬ್ಬರಿಗೂ ವೈರಿ. ಇದನ್ನು ಅರಿತ ಚಿತ್ರಗಳೇ ಬಾಳಿವೆ. ಅವುಗಳಲ್ಲಿ 'ದಿ ಕ್ರೂಯೆಲ್ ಸೀ' (1953) ಚಿತ್ರಕ್ಕೆ ಮೊದಲ ಸ್ಥಾನ ಕೊಡಬಹುದು. ಸ್ವತಃ ಕಾವಲು ಹಡಗುಗಳಲ್ಲಿ ದುಡಿದಿದ್ದ ನಿಕೋಲಸ್ ಮಾನ್ಸರಟ್‌ನ ಕಾದಂಬರಿಯನ್ನು ಆಧರಿಸಿದ ಚಿತ್ರವಿದು. ಜ್ಯಾಕ್ ಹಾಕಿನ್ಸ್ ಇದರಲ್ಲಿ ಎರಿಕ್‌ಸನ್ ಎಂಬ ಕ್ಯಾಪ್ಟನ್. ಒಂದು ದೃಶ್ಯದಲ್ಲಿ, ಮುಳುಗಿದ ಹಡಗಿನಿಂದ ಪಾರಾದವರು ನೀರಿನಲ್ಲಿ ತೇಲುತ್ತ ಇವನ ಹಡಗು ತಮ್ಮನ್ನು ಎತ್ತಿಕೊಳ್ಳಲು ಬರುತ್ತಿದೆಯೆಂದು ಕೈಬೀಸುತ್ತಾರೆ. ನೀರಿನಾಳದ ಸದ್ದು ಹಿಡಿಯುವ ಯಂತ್ರ ಮಾತ್ರ ಜಲಾಂತರ್ಗಾಮಿ ಅವರ ಕೆಳಗೇ ಇದೆ ಎನ್ನುತ್ತದೆ. ನೀರಿನಲ್ಲಿ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬುಗಳನ್ನು ಎಸೆದರೆ ತನ್ನವರೇ ಸಾಯುತ್ತಾರೆ. ಎಸೆಯದಿದ್ದರೆ ಇನ್ನಷ್ಟು ಹಡಗುಗಳು ಮುಳುಗಬಹುದು. ಎರಿಕ್‌ಸನ್ ಎಸೆಯುತ್ತಾನೆ. ಕೆಳಗೆ ಜಲಾಂತರ್ಗಾಮಿ ಇತ್ತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಯುದ್ಧ ಮುಗಿದು ಎಂಟು ವರ್ಷಕ್ಕೇ, ಗೆದ್ದ ದೇಶದವರೇ ಇಂಥ ದೃಶ್ಯ ತೆಗೆದರೆಂಬುದು ಸಣ್ಣ ಮಾತಲ್ಲ.

ಅದಕ್ಕೂ ಹಿಂದಿನದು 'ಇನ್ ವಿಚ್ ವಿ ಸರ್ವ್' (1942). 1941ರ ಮೇ 23ರಂದು ಕ್ರೀಟ್ ಬಳಿ ಮುಳುಗಿದ 'ಕೆಲ್ಲಿ' ಎಂಬ ಹಡಗೇ ಅದರ ಮೂಲ. ಆ ಹಡಗಿನ ಕ್ಯಾಪ್ಟನ್ ಬೇರಾರೂ ಅಲ್ಲ, ಮುಂದೆ ಭಾರತದ ಕೊನೆಯ ವೈಸರಾಯ್ ಆದ ಮೌಂಟ್‌ಬ್ಯಾಟನ್. ಯುದ್ಧದ ನಡುವೆಯೇ ತಯಾರಾದ್ದರಿಂದ ಪ್ರಚಾರದ ವಾಸನೆ ಇದೆ. ನೋಯೆಲ್ ಕವರ್ಡ್ ಜೊತೆ ಅದನ್ನು ನಿರ್ದೇಶಿಸಿದ ಡೇವಿಡ್ ಲೀನ್‌ಗೆ ಅದೇ ಮೊದಲ ನಿರ್ದೇಶನ. ನಾಲ್ಕು ದಶಕಗಳ ಬಳಿಕ ಇದೇ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಮದ್ದೂರಿನ ಪಕ್ಕದ ರಾಮನಗರದ ಬಂಡೆಗಳ ನಡುವೆ ಕ್ಯಾಮರಾ ಇಟ್ಟದ್ದು ಇನ್ನೊಂದು ಕಥೆ.

ಆಚೆ ಬದಿಯ ನೋಟ ಬೇಕೆನ್ನುವವರು ವೋಲ್ಫ್‌ಗಾಂಗ್ ಪೀಟರ್ಸನ್ನನ 'ದಾಸ್ ಬೂಟ್' (1981) ನೋಡಲೇಬೇಕು. ಜರ್ಮನಿಯ 40,000 ಜಲಾಂತರ್ಗಾಮಿ ನಾವಿಕರಲ್ಲಿ 30,000 ಮಂದಿ ಮರಳಲಿಲ್ಲ ಎಂಬ ಒಕ್ಕಣೆಯೊಂದಿಗೆ ಚಿತ್ರ ಆರಂಭವಾಗುತ್ತದೆ. ಬಳಿಕ ಪ್ರೇಕ್ಷಕನನ್ನೂ ಆ ಕಬ್ಬಿಣದ ಕೊಳವೆಯೊಳಗೆ ಕೂಡಿಹಾಕುತ್ತದೆ. ಮೊಳೆಗಳು ಒತ್ತಡಕ್ಕೆ ಸಿಡಿಯುವ ಸದ್ದು ಕೇಳಿದವರಿಗೆ ವೈರಿಯ ಮೇಲೂ ಮರುಕ ಹುಟ್ಟುತ್ತದೆ. 'ಸಿಂಕ್ ದಿ ಬಿಸ್ಮಾರ್ಕ್' (1960) ಮತ್ತು 'ದಿ ಎನಿಮಿ ಬಿಲೋ' (1957) ಇದರ ಮುಂದೆ ಹಗುರವೆನಿಸಿದರೂ ಬೇಸರ ತರಿಸುವುದಿಲ್ಲ.

ನಮ್ಮ ಕರಾವಳಿಗೆ ತೀರಾ ಹತ್ತಿರ ಬರುವುದು 'ದಿ ಸೀ ವುಲ್ವ್ಸ್' (1980). ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ತಾರಾಬಳಗದ ಈ ಚಿತ್ರ, 1943ರ ಮಾರ್ಚಿನಲ್ಲಿ ಗೋವೆಯ ಮಾರ್ಮಗೋವಾ ಬಂದರಿನಲ್ಲಿದ್ದ 'ಎಹ್ರೆನ್‌ಫೆಲ್ಸ್' ಎಂಬ ಜರ್ಮನ್ ಹಡಗಿನ ಮೇಲೆ ಕಲ್ಕತ್ತೆಯ ಬ್ರಿಟಿಷ್ ವ್ಯಾಪಾರಿಗಳು ಮಾಡಿದ ದಾಳಿಯ ಕಥೆ. ಗೋವೆಯಲ್ಲೇ ಚಿತ್ರೀಕರಣವಾಯಿತು. ಮನರಂಜನೆಗೆ ಮೋಸವಿಲ್ಲ, ಭಾರತೀಯರು ಮಾತ್ರ ಹಿನ್ನೆಲೆಯಲ್ಲೇ ಉಳಿಯುತ್ತಾರೆ.

ಅದೇ ಕರಾವಳಿಯಲ್ಲಿ ಹದಿನೆಂಟು ವರ್ಷಗಳ ನಂತರ ಭಾರತೀಯ ನಾವಿಕರು ಮಾಡಿದ ಹೋರಾಟಕ್ಕೆ ಅಂಥ ತಾರಾಬಳಗದ ಚಿತ್ರ ಸಿಗಲಿಲ್ಲ. ಕಾರವಾರದ ಎದುರಿಗೇ ಇರುವ ಅಂಜದೀವ್ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ದ್ವೀಪವನ್ನು ಸುತ್ತಿದವು. ನಾವಿಕರ ತುಕಡಿ ದೋಣಿಗಳಲ್ಲಿ ದಡದತ್ತ ಹೊರಟಿತು. ಬಿಳಿ ಬಾವುಟ ಕಂಡಿತ್ತು, ಆದರೂ ಗುಂಡು ಹಾರಿತು ಎಂಬುದು ಭಾರತದ ಕಡೆಯ ವಿವರಣೆ. ಏಳು ಮಂದಿ ಸತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು. ಮೈಸೂರು ಹಡಗಿನ ತೋಪುಗಳು ದ್ವೀಪದ ಮೇಲೆ ಗುಂಡಿನ ಮಳೆ ಸುರಿಸಿದವು. ಮರುದಿನ ದ್ವೀಪ ಭಾರತದ ವಶವಾಯಿತು.

1971ರಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿಯ ಕುರಿತು 'ದಿ ಘಾಜಿ ಅಟ್ಯಾಕ್' 2017ರಲ್ಲಿ ಬಂತು. ಭಾರತದ ಜಲಾಂತರ್ಗಾಮಿಯೇ ಅದನ್ನು ಮುಳುಗಿಸಿತೆಂದು ಆ ಚಿತ್ರ ಹೇಳುತ್ತದೆ. ನೌಕಾಪಡೆ ಆ ಕೀರ್ತಿಯನ್ನು ಕೊಟ್ಟದ್ದು 'ರಜಪೂತ್' ಎಂಬ ಡೆಸ್ಟ್ರಾಯರ್‌ಗೆ. ಅದೇ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ದಿಯು ಬಳಿ 'ಖುಕ್ರಿ' ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲು ಒಪ್ಪದೆ ಅದರೊಂದಿಗೇ ಜಲಸಮಾಧಿಯಾದರು. ಅವರನ್ನೂ ಸೇರಿ 194 ಮಂದಿ ಸತ್ತರು. 'ದಿ ಕ್ರೂಯೆಲ್ ಸೀ' ತೆಗೆದವರ ಸಂಯಮದಿಂದ ಆ ರಾತ್ರಿಯನ್ನು ತೆರೆಗೆ ತರುವವರಿಗೆ ಕಥೆ ಸಿದ್ಧವಾಗಿಯೇ ಇದೆ.

1971ರಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿದ್ದ ಐಎನ್‌ಎಸ್ ಮೈಸೂರು 1985ರ ಆಗಸ್ಟಿನಲ್ಲಿ ನಿವೃತ್ತಿಯಾಯಿತು. 1999ರ ಜೂನ್ 2ರಂದು ಅದೇ ಹೆಸರಿನ ಹೊಸ ಡೆಸ್ಟ್ರಾಯರ್ ಸೇವೆಗೆ ಬಂತು. ಗಂಡಭೇರುಂಡ ಅದಕ್ಕೆ ವರ್ಗವಾಯಿತು. ಅಂಜದೀವ್ ಈಗ ಕಾರವಾರದ ನೌಕಾನೆಲೆಗೆ ಅಲೆತಡೆ ಗೋಡೆಯಿಂದ ಸೇರಿಕೊಂಡಿದೆ. ಸತ್ತ ಏಳು ನಾವಿಕರ ಸ್ಮಾರಕ ಆ ದ್ವೀಪದ ಮೇಲಿದೆ.